ಸೆರಗಿನ ಹಿಂದಿನ ನಗು

ನಮ್ಮ ಆಯಿಗೆ ಹಲ್ಲಿರಲಿಲ್ಲ. ನಕ್ಕರೆ ಮರುಗಳಿಗೆಯೇ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. 2006ರಲ್ಲಿ ನಾನು ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾಕ್ಕೂ ಆ ಸೆರಗಿಗೂ ಅದೇನು ಒಪ್ಪಂದವಿತ್ತೋ! ಬಿಣಗಾದ ದಂಡೆಯಲ್ಲಿ ಸಂಜೆ ಅಲೆಯೊಂದು ಕಾಲಿಗೆ ಬಡಿದು ಆಯಿ ನಕ್ಕಳು. ಗುಂಡಿ ಒತ್ತಿದೆ. ಕ್ಯಾಮೆರಾ ಒಳಗೇ ಗುರ್ರೆಂದು, ದೂರ ಅಳೆದು, ಬೆಳಕಿನ ಲೆಕ್ಕ ಹಾಕಿ ಕ್ಲಿಕ್ಕೆಂದಾಗ ಸಿಕ್ಕಿದ್ದು ಬರೀ ಸೆರಗು.

ಕೊಳ್ಳುವಾಗ ‘ಎಷ್ಟು ಮೆಗಾಪಿಕ್ಸೆಲ್?’ ಎಂದಷ್ಟೇ ಕೇಳಿದ್ದೆ. ಬೆರಳಿಗೂ ಚಿತ್ರಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳುವ ಬುದ್ಧಿ ಬರಲಿಲ್ಲ. ಗುಂಡಿಯನ್ನು ಮೊದಲೇ ಅರ್ಧ ಒತ್ತಿ ಹಿಡಿದರೆ ಅಳತೆಯ ಕೆಲಸ ಮುಗಿದಿರುತ್ತದೆ, ನಗು ಬಂದಾಗ ಉಳಿದರ್ಧ ಒತ್ತಿದರಾಯಿತು. ಈ ಗುಟ್ಟು ತಿಳಿಯುವಷ್ಟರಲ್ಲಿ ಆಯಿ ಇರಲಿಲ್ಲ.

2012ರಲ್ಲಿ ಸೋನಿಯ ಆರ್‌ಎಕ್ಸ್ 100 ಬಂತು. ತೂಕ ಸುಮಾರು 240 ಗ್ರಾಂ, ಕಿಸೆಗೆ ಸೇರುವಂಥದ್ದು. ಈ ಸಲ ಏನನ್ನೂ ಕೇಳಲಿಲ್ಲ. ‘ನಗೋ ತಮ್ಮಾ’ ಎಂದೆ ಅಂಗಡಿಯ ಹುಡುಗನಿಗೆ. ನಕ್ಕ, ಸಿಕ್ಕ, ಕೊಂಡೆ.

ಆಮೇಲೆ ಎಷ್ಟೋ ನಗು ಹಿಡಿದಿದ್ದೇನೆ. ಆದರೆ ಗೋಡೆಯ ಮೇಲಿರುವುದು ಆ ಸೆರಗಿನ ಚಿತ್ರವೇ. ಅದರ ಹಿಂದೆ ನಗುವಿದೆಯೆಂದು ಬಂದವರಿಗೆಲ್ಲ ನಾನೇ ಹೇಳಬೇಕು.