ತೊಟ್ಟಿಲು ತೂಗೋ ಕೆಲಸ

ಹೋದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಫೋನು. ನಾನಿರೋದು ದುಬೈನಲ್ಲಿ. ಇಲ್ಲಿ ಹನ್ನೊಂದು ಅಂದ್ರೆ ಮಂಡ್ಯದಲ್ಲಿ ಹನ್ನೆರಡೂವರೆ! ಆ ಹೊತ್ತಲ್ಲಿ ಊರಿಂದ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ದೂರ ಇರೋರಿಗೆಲ್ಲ ಗೊತ್ತಿರೋ ವಿಷಯ.

"ಏನಾಯ್ತಕ್ಕ?"

"ಏನಾಗ್ಬೇಕು... ನನ್ ಮಗಳ ತಲೆ ಕೆಟ್ಟೋಗದೆ. ಕೆಡಿಸ್ದೋನು ನೀನು, ನೀನೇ ಸರಿ ಮಾಡು."

ವಿಷಯ ಇಷ್ಟೇ. ಅಕ್ಕನ ಮಗಳು ಈ ವರ್ಷ ಮೆಕ್ಯಾನಿಕಲ್ ಬಿ.ಇ. ಮುಗಿಸಿದಾಳೆ. ಕ್ಯಾಂಪಸ್ಸಿನಲ್ಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಅವಳಿಗೆ ಅದು ಬೇಡವಂತೆ. ರೋಲರ್ ಕೋಸ್ಟರ್ ಡಿಸೈನ್ ಮಾಡ್ಬೇಕಂತೆ! ಮಾವ ಪಾರ್ಕಿನಲ್ಲಿ ಇಲ್ವಾ, ನಾನೂ ಹೋಗ್ತೀನಿ ಅಂತ ಹಟ.

ಅಕ್ಕ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಯಾಕಂದ್ರೆ ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮನೆಯಲ್ಲಿ ಇದೇ ಮಾತುಕತೆ ನಡೆದಿತ್ತು. ಅವತ್ತು ಹಟ ಹಿಡಿದೋನು ನಾನು, ತಲೆ ಚಚ್ಚಿಕೊಂಡಿದ್ದು ಅಪ್ಪ.

ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೋರು. ವರ್ಷಕ್ಕೊಂದು ಸಲ ಮೈಸೂರು ದಸರಾಗೆ ಕರ್ಕೊಂಡು ಹೋಗೋರು. ಜಂಬೂಸವಾರಿಗಿಂತ ನನಗೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನವೇ ಹೆಚ್ಚು. ಅಲ್ಲಿ ಜಯಿಂಟ್ ವೀಲು, ಕೊಲಂಬಸ್ಸು ಎಲ್ಲ ಇರ್ತಿತ್ತಲ್ಲ... ಬೇರೆ ಹುಡುಗರು ಹತ್ತೋಕೆ ಅಳ್ತಿದ್ರು. ನಾನು ಕೆಳಗೆ ಗ್ರೀಸ್ ಮೆತ್ತಿದ ಬನಿಯನ್ನಿನಲ್ಲಿ ಲಿವರ್ ಹಿಡ್ಕೊಂಡು ನಿಂತಿದ್ದ ಮನುಷ್ಯನನ್ನೇ ನೋಡ್ತಾ ನಿಲ್ತಿದ್ದೆ. ಅಷ್ಟು ಜನರ ಕೂಗಾಟ ಅವನೊಬ್ಬನ ಕೈಯಲ್ಲಿದೆಯಲ್ಲ ಅಂತ ಆಶ್ಚರ್ಯ!

2006ರಲ್ಲಿ ಡಿಪ್ಲೊಮಾ ಮುಗೀತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಬಿಡದಿ ಹತ್ರ ವಂಡರ್‌ಲಾ ಶುರುವಾಗಿ ದಕ್ಷಿಣದಲ್ಲಿ ಪಾರ್ಕುಗಳ ಗಾಳಿ ಬೀಸ್ತಿದ್ದ ಕಾಲ ಅದು. ನಾನು ಸಿಕ್ಕಸಿಕ್ಕ ಪಾರ್ಕುಗಳಿಗೆಲ್ಲ 'ಡಿಸೈನ್ ವಿಭಾಗದಲ್ಲಿ ಕೆಲಸ ಬೇಕು' ಅಂತ ಅರ್ಜಿ ಗುಜರಾಯಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಬರೋದಾದ್ರೂ ಹೇಗೆ ಹೇಳಿ? ಡಿಸೈನ್ ವಿಭಾಗವೇ ಇಲ್ಲದ ಕಡೆಗೂ ಕಳಿಸಿದ್ದೆ! ದೊಡ್ಡ ಕೋಸ್ಟರುಗಳನ್ನ ಮಾಡೋ ಕಂಪನಿಗಳು ಇಡೀ ಜಗತ್ತಲ್ಲಿ ಬೆರಳೆಣಿಕೆಯಷ್ಟು. ಸ್ವಿಟ್ಜರ್ಲೆಂಡಿನಲ್ಲಿ ಬೊಲ್ಲಿಗರ್ ಅಂಡ್ ಮಬಿಲಾರ್ಡ್; ಲಿಕ್ಟೆನ್‌ಸ್ಟೈನಿನಲ್ಲಿ ಇಂಟಾಮಿನ್; ಜರ್ಮನಿಯಲ್ಲಿ ಮ್ಯಾಕ್; ನೆದರ್ಲೆಂಡ್ಸಿನಲ್ಲಿ ವೆಕೊಮಾ... ಹೀಗೆ. ಪಾರ್ಕಿನವರು ಹೆಚ್ಚಾಗಿ ಅವರಿಂದ ಕೊಂಡು ಓಡಿಸ್ತಾರೆ ಅಷ್ಟೆ. ಇದು ನನಗೆ ಆಗ ಗೊತ್ತೇ ಇರಲಿಲ್ಲ.

2007ರ ಬೇಸಿಗೆ ರಜಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನ ಹೊರಗಿನ ಒಂದು ಪಾರ್ಕಿಗೆ (ಹೆಸರು ಬೇಡ ಬಿಡಿ) ನೇರವಾಗಿ ಹೋಗೇಬಿಟ್ಟೆ. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಫೈಲು. ಸೆಕ್ಯುರಿಟಿಯವರು ಫೈಲು ನೋಡಲೂ ಇಲ್ಲ.

"ಆಪರೇಟರ್ ಬೇಕಂತೆ. ಹಿಂದ್ಗಡೆ ಗೇಟಿಗೆ ಹೋಗಪ್ಪ."

ನನ್ನ ಇಡೀ ಜೀವನ ತೆರೆದುಕೊಂಡಿದ್ದು ಆ ಹಿಂದ್ಗಡೆ ಗೇಟಿನಿಂದ.

ತಿಂಗಳಿಗೆ 3,200 ರೂಪಾಯಿ, ಎರಡು ಜೊತೆ ಯೂನಿಫಾರ್ಮು, ಮಧ್ಯಾಹ್ನದ ಊಟ. ಮೊದಲ ತಿಂಗಳು ರೈಡ್ ಹತ್ರಕ್ಕೂ ಬಿಡಲಿಲ್ಲ. ಚಪ್ಪಲಿ ಕೌಂಟರ್! ಡಿಪ್ಲೊಮಾ ಫಸ್ಟ್ ಕ್ಲಾಸ್ ಪಾಸಾದೋನು ಜನರ ಒದ್ದೆ ಚಪ್ಪಲಿ ಎತ್ತಿಟ್ಟು ಟೋಕನ್ ಕೊಡ್ತಾ ನಿಂತಿದ್ದೆ. ನೆಂಟರು ಕೇಳಿದ್ರೆ ಅಪ್ಪ "ಬೆಂಗಳೂರಲ್ಲಿ ಕಂಪನೀಲಿ ಅವ್ನೆ" ಅಂತ ಹೇಳಿ ಮಾತು ಬದಲಾಯಿಸ್ತಿದ್ರು. ನನ್ನ ಹತ್ರ ಒಂದೇ ಒಂದು ಸಲ ಹೇಳಿದ್ರು. "ತೊಟ್ಟಿಲು ತೂಗೋ ಕೆಲ್ಸಕ್ಕೆ ಮೂರು ವರ್ಷ ಫೀಸು ಕಟ್ದಂಗಾಯ್ತು..."

ಆಮೇಲೆ ಒಂದು ಸಣ್ಣ ಕೋಸ್ಟರಿಗೆ ಹಾಕಿದ್ರು. ಹೊರಗಿನಿಂದ ನೋಡೋರಿಗೆ ಆಪರೇಟರ್ ಅಂದ್ರೆ ಬಟನ್ ಒತ್ತೋನು. ಅಸಲಿಗೆ ನಮಗೆ ಕಲಿಸೋದೇ ಒತ್ತದೇ ಇರೋದನ್ನ! ಮಗು ಎತ್ತರದ ಗೆರೆ ಮುಟ್ಟಲಿಲ್ವಾ, ಅವರಪ್ಪ ಎಷ್ಟೇ ಕೂಗಾಡಲಿ, ಬಿಡಬಾರದು. ಪ್ರತಿ ಸೀಟಿನ ತೊಡೆ ಮೇಲಿನ ಬಾರನ್ನ ಕೈಯಿಂದ ಕೆಳಕ್ಕೆ ಒತ್ತಿ, ಮತ್ತೆ ಮೇಲಕ್ಕೆ ಎಳೆದು ನೋಡಬೇಕು. ಕಣ್ಣಲ್ಲಿ ನೋಡಿದ್ರೆ ಸಾಲದು. ಆ ಕಡೆಯವನು ಹೆಬ್ಬೆರಳು ಎತ್ತಿದ ಮೇಲೇ ಈ ಕಡೆಯವನು ಬಟನ್ ಒತ್ತಬೇಕು. ದಿನಕ್ಕೆ ನೂರಾರು ಸಲ. ಸಂಜೆ ಹೊತ್ತಿಗೆ ಅಂಗೈ ಕೆಂಪಗಾಗಿ, ಪಾದ ಊದಿಕೊಂಡು ಶೂ ಬಿಚ್ಚೋಕೆ ಆಗ್ತಿರಲಿಲ್ಲ.

ಆ ವರ್ಷದ ದಸರಾ ರಜೆ. ಭಾನುವಾರ ಬೇರೆ. ಕ್ಯೂ ಎರಡು ಗಂಟೆಯಷ್ಟು ಉದ್ದ. ಮಧ್ಯಾಹ್ನ ಮೂರರ ಸುಮಾರಿಗೆ ನಾಲ್ಕನೇ ಸಾಲಿನ ಎಡಗಡೆ ಸೀಟಿನ ಬಾರ್ ಒತ್ತಿದೆ. 'ಟಕ್' ಅಂತು. ಆದ್ರೆ ಆ ಟಕ್ ದಿನಾ ಕೇಳೋ ಟಕ್ ಆಗಿರಲಿಲ್ಲ. ಹೇಗೆ ಬೇರೆ ಅಂದ್ರೆ ನನಗೆ ಇವತ್ತಿಗೂ ಹೇಳೋಕೆ ಬರಲ್ಲ. ಪ್ಯಾನಲ್ಲಿನಲ್ಲಿ ಹಸಿರು ದೀಪ. ಎಲ್ಲ ಸರಿ ಅಂತಿದೆ ಮಿಷಿನ್ನು. ಸೀಟಲ್ಲಿ ಕೂತಿದ್ದ ಹೆಣ್ಣುಮಗು ನನ್ನನ್ನೇ ನೋಡ್ತಾ ನಗ್ತಿದೆ...

ಹೆಬ್ಬೆರಳು ಎತ್ತೋಕೆ ಆಗಲಿಲ್ಲ.

ಎಲ್ಲರನ್ನೂ ಇಳಿಸಿದೆ. ಕ್ಯೂನಲ್ಲಿದ್ದೋರು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಸೂಪರ್‌ವೈಸರ್ ಓಡಿ ಬಂದ್ರು. "ಹಸಿರು ದೀಪ ಕಾಣ್ತಿಲ್ವೇನಯ್ಯಾ? ನಿನ್ನೇನು ಇಂಜಿನಿಯರ್ ಅಂದ್ಕೊಂಡಿದೀಯಾ?" ಮೆಂಟೆನೆನ್ಸಿನವರು ಬಂದು ಸೀಟು ಬಿಚ್ಚಿದ್ರು. ನಲವತ್ತು ನಿಮಿಷ ರೈಡ್ ಬಂದ್. ಕೊನೆಗೆ ಏನು ಸಿಕ್ತು ಗೊತ್ತಾ?

ಏನೂ ಸಿಗಲಿಲ್ಲ!

ಎಲ್ಲ ಸರಿಯಾಗೇ ಇತ್ತು. ಸಂಜೆ ನನ್ನ ಕೈಗೆ ಮೆಮೊ ಬಂತು. ರೂಮಿಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿಕೊಂಡೆ. ಬೆಳಿಗ್ಗೆ ಮಂಡ್ಯದ ಬಸ್ಸು ಹತ್ತೋದು, ಅಪ್ಪ ಹೇಳಿದ ಕಡೆ ಕೆಲಸಕ್ಕೆ ಸೇರೋದು ಅಂತ ತೀರ್ಮಾನ. ಯೂನಿಫಾರ್ಮ್ ವಾಪಸ್ ಕೊಡೋಕೆ ಅಂತ ಬೆಳ್ಳಂಬೆಳಿಗ್ಗೆ ಪಾರ್ಕಿಗೆ ಹೋದ್ರೆ, ಮೆಂಟೆನೆನ್ಸ್ ಶೆಡ್ಡಿನ ಹಿರಿಯರು ಗೇಟಿನ ಹತ್ರಾನೇ ಹಿಡಿದ್ರು. ಗದಗಿನ ಕಡೆಯೋರು, ಕಮ್ಮಿ ಮಾತು.

"ಏನೂ ಸಿಗಲಿಲ್ಲ ಅಂತ ಬ್ಯಾಸರ ಆತೇನು ತಮ್ಮಾ?"

ನಾನು ತಲೆ ತಗ್ಗಿಸಿಕೊಂಡು ನಿಂತೆ.

"ಏನರ ಸಿಕ್ಕಿದ್ರ ನಾ ಬ್ಯಾಸರ ಆಗಬೇಕಾಗಿತ್ತು. ಮುಂಜಾನೆ ಚೆಕ್ ಮಾಡಿ ಸಹಿ ಹಾಕಿದಾಂವ ನಾನು. ನಾಳಿಂದ ಐದೂವರಿಗೆ ಶೆಡ್ಡಿಗೆ ಬಾ. ಚಾ ನಾ ಕುಡಸ್ತೀನಿ."

ಗೆಳೆಯರೇ, ಇಷ್ಟೇ ನನ್ನ ಇಂಟರ್‌ವ್ಯೂ.

ಮರುದಿನದಿಂದ ಬೆಳಿಗ್ಗೆ ಐದೂವರೆಗೆ ಶೆಡ್ಡು, ಹತ್ತರ ಮೇಲೆ ಪ್ಲಾಟ್‌ಫಾರ್ಮು. ಸೂಪರ್‌ವೈಸರ್ ಗೊಣಗಿದ್ರು, ಆದ್ರೆ ತಡೀಲಿಲ್ಲ. ಪಾರ್ಕು ತೆರೆಯೋಕೆ ಮುಂಚೆ ಏನೇನು ನಡೆಯುತ್ತೆ ಅಂತ ನೋಡಿದ್ದು ಆಗಲೇ. ಹಳಿ ಉದ್ದಕ್ಕೂ ಟಾರ್ಚ್ ಹಿಡಿದು ನಡೀಬೇಕು. ಬೋಲ್ಟುಗಳಿಗೆ ಎಳೆದ ಬಣ್ಣದ ಗೆರೆ ಕೂಡಿಕೊಂಡಿದೆಯಾ ನೋಡಬೇಕು. ಗೆರೆ ತಪ್ಪಿದ್ರೆ ಬೋಲ್ಟು ಸಡಿಲಾಗಿದೆ ಅಂತ ಅರ್ಥ. ಕೋಸ್ಟರಿನ ಗಾಡಿಗೆ ಮೂರು ಥರದ ಗಾಲಿ. ಹಳಿ ಮೇಲೆ ಓಡೋದು ಒಂದು, ಪಕ್ಕದಿಂದ ಹಿಡಿಯೋದು ಒಂದು, ಗಾಡಿ ಮೇಲಕ್ಕೆ ಹಾರದ ಹಾಗೆ ಹಳಿಯ ಕೆಳಗಿಂದ ತಡೆಯೋದು ಒಂದು. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ಶಬ್ದ ಕೇಳಬೇಕು. ಹಳಿಯನ್ನ ರೈಲ್ವೆಯವರ ಹಾಗೆ ಬ್ಲಾಕುಗಳಾಗಿ ಭಾಗ ಮಾಡಿರ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಆ ಬ್ರೇಕುಗಳ ಪರೀಕ್ಷೆ ಆಗಬೇಕು. ಆಮೇಲೆ ಖಾಲಿ ಗಾಡಿ ಬಿಟ್ಟು ನೋಡಿ, ಪುಸ್ತಕದಲ್ಲಿ ಸಹಿ ಹಾಕಿದ ಮೇಲೇ ಜನ. ವರ್ಷಕ್ಕೊಮ್ಮೆ ಗಾಡಿ ಪೂರ್ತಿ ಬಿಚ್ಚಿ, ಆಕ್ಸಲ್ಲು, ವೆಲ್ಡಿಂಗುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಕಾಂತದಿಂದ, ಅಲ್ಟ್ರಾಸೌಂಡಿನಿಂದ ನೋಡಬೇಕು.

2009ರಲ್ಲಿ ಅಪ್ಪ ಒಂದು ಸಲ ಪಾರ್ಕಿಗೆ ಬಂದ್ರು. ಯಾವುದಕ್ಕೂ ಹತ್ತಲಿಲ್ಲ. ಕೋಸ್ಟರ್ ಮೇಲೇರೋ ಜಾಗದ ಕೆಳಗೆ ಹೋಗಿ ನಿಂತ್ರು. ಗಾಡಿ ಮೇಲೇರುವಾಗ ಟಕ ಟಕ ಟಕ ಅಂತ ಸದ್ದು ಬರುತ್ತಲ್ಲ, ಕೂತೋರ ಜೀವ ಬಾಯಿಗೆ ಬರೋದು ಅದನ್ನ ಕೇಳೇ. ನಿಜ ಹೇಳಬೇಕಂದ್ರೆ ಅದು ಕಾಪಾಡೋ ಸದ್ದು. ಚೈನು ತುಂಡಾದ್ರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಹಲ್ಲು ಹಲ್ಲಿಗೂ ಕಚ್ಚಿಕೊಳ್ತಾ ಹೋಗೋ ಒಂದು ಕೊಕ್ಕೆಯ ಸದ್ದು. ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ನಿಮಿಷ ತಲೆ ಎತ್ತಿ ಕೇಳಿಸಿಕೊಂಡು, "ಆ ಪಾಲು ಎಷ್ಟ್ ದಿನಕ್ಕೊಂದ್ಸಲ ಬದಲಾಯಿಸ್ತೀರ್ಲಾ?" ಅಂದ್ರು.

ಊರಿಗೆ ಹೋದ ಮೇಲೆ 'ಕಂಪನೀಲಿ ಅವ್ನೆ' ಅನ್ನೋದು ನಿಂತುಹೋಯ್ತಂತೆ. ಅಮ್ಮ ಹೇಳಿದ್ದು.

2016ರಲ್ಲಿ ದುಬೈಯಲ್ಲಿ ಒಂದೇ ವರ್ಷ ಸಾಲಾಗಿ ಪಾರ್ಕುಗಳು ತೆರೆದವು. ಐಎಂಜಿ ವರ್ಲ್ಡ್ಸ್, ಮೋಷನ್‌ಗೇಟ್, ಲೆಗೋಲ್ಯಾಂಡ್, ಬಾಲಿವುಡ್ ಪಾರ್ಕ್ಸ್ (ಈ ಕೊನೆಯದು 2023ರಲ್ಲಿ ಮುಚ್ಚಿತು). ಮೆಂಟೆನೆನ್ಸಿನವರಿಗೆ ಎಲ್ಲಿಲ್ಲದ ಬೇಡಿಕೆ. ನಾನೂ ಒಂದು ಕಡೆ ಇಂಟರ್‌ವ್ಯೂಗೆ ಕೂತೆ. ಕೇಳಿದ ಪ್ರಶ್ನೆಗಳಲ್ಲಿ ಒಂದು ಇವತ್ತಿಗೂ ನೆನಪಿದೆ. "ಏನೂ ತಪ್ಪಿಲ್ಲದಾಗಲೂ ನೀನು ರೈಡ್ ನಿಲ್ಲಿಸಿದ್ದುಂಟಾ?" ನಾನು ನಾಲ್ಕನೇ ಸಾಲಿನ ಎಡಗಡೆ ಸೀಟಿನ ಕಥೆ ಹೇಳಿದೆ.

ಇರಲಿ, ಸೊಸೆಯ ವಿಷಯಕ್ಕೆ ಬರ್ತೀನಿ. ಮರುದಿನ ನಾನೇ ಫೋನ್ ಮಾಡಿದೆ. ಅವಳ ತಯಾರಿ ನೋಡಿ ನಾನೇ ಸುಸ್ತು! ನೋಲಿಮಿಟ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ಅದರಲ್ಲಿ ಆಗಲೇ ಹತ್ತಾರು ಕೋಸ್ಟರ್ ಕಟ್ಟಿದಾಳೆ.

"ಮಾವ, ಡಿಸೈನ್ ಟೀಮಿಗೆ ಸೀದಾ ಹೋಗೋಕೆ ದಾರಿ ಹೇಳು."

"ಸೀದಾ ದಾರಿ ನಂಗೆ ಗೊತ್ತಿಲ್ಲ ಕಣವ್ವ. ಹಿಂದ್ಗಡೆ ಗೇಟು ಗೊತ್ತು."

ಟೋನಿ ಬ್ಯಾಕ್ಸ್‌ಟರ್ ಕಥೆ ಹೇಳಿದೆ. 1965ರಲ್ಲಿ ಹದಿನೇಳನೇ ವಯಸ್ಸಿಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಐಸ್‌ಕ್ರೀಮ್ ಹಾಕಿಕೊಡೋ ಕೆಲಸಕ್ಕೆ ಸೇರಿದ ಹುಡುಗ ಆತ. ಮುಂದೆ ಅಲ್ಲೇ 1979ರ ಬಿಗ್ ಥಂಡರ್ ಮೌಂಟನ್ ಮಾಡಿದ. 1992ರಲ್ಲಿ ತೆರೆದ ಪ್ಯಾರಿಸ್ಸಿನ ಡಿಸ್ನಿಲ್ಯಾಂಡಿನ ವಿನ್ಯಾಸದ ಮುಂದಾಳು ಕೂಡ ಆದ. ಹಾಗಂತ ಐಸ್‌ಕ್ರೀಮ್ ಹಾಕಿದೋರೆಲ್ಲ ಬ್ಯಾಕ್ಸ್‌ಟರ್ ಆಗಲ್ಲ, ಅದನ್ನೂ ಹೇಳಿದೆ.

ಮತ್ತೆ ಒಂದಷ್ಟು ಕೆಲಸಕ್ಕೆ ಬರೋ ಮಾತು. ನಿಮ್ಮ ಮನೆಯಲ್ಲೂ ಇಂಥ ಹುಚ್ಚು ಹಿಡಿದೋರಿದ್ರೆ ಹೇಳಿ:

ಅರ್ಜಿಯನ್ನ ಬೇಸಿಗೆ ರಜಕ್ಕೆ ಎರಡು ಮೂರು ತಿಂಗಳು ಮುಂಚೆ ಹಾಕಿ. ಪಾರ್ಕಿಗೆ ಕೈಗಳು ಬೇಕಾಗೋದು ಆಗ.

'ನಂಗೆ ರೈಡ್ ಅಂದ್ರೆ ಪ್ರಾಣ' ಅಂತ ಬರೀಬೇಡಿ, ಎಲ್ಲರೂ ಅದನ್ನೇ ಬರೀತಾರೆ. ಹಬ್ಬ, ಭಾನುವಾರ ಕೆಲಸ ಮಾಡ್ತೀನಿ ಅಂತ ಬರೀರಿ. ಪ್ರಥಮ ಚಿಕಿತ್ಸೆ, ಈಜು ಬಂದ್ರೆ ಅದನ್ನ ಬರೀರಿ.

ಇಂಜಿನಿಯರಿಂಗ್ ಓದಿದೋರು ಪಿಎಲ್‌ಸಿ, ಹೈಡ್ರಾಲಿಕ್ಸ್, ಬಿರುಕು ಪತ್ತೆ ಮಾಡೋ ಎನ್‌ಡಿಟಿ ಕೋರ್ಸು... ಇದರಲ್ಲಿ ಒಂದನ್ನಾದ್ರೂ ಕೈ ಕೊಳೆ ಮಾಡಿಕೊಂಡು ಕಲೀರಿ. ಅಮೆರಿಕದ ಎಎಸ್‌ಟಿಎಂ 1978ರಿಂದ ರೈಡುಗಳಿಗೇ ಅಂತ ಎಫ್24 ಸಮಿತಿ ಇಟ್ಟಿದೆ, ಅದರ ಸುರಕ್ಷತಾ ನಿಯಮ ಓದಿಕೊಂಡ್ರೆ ಇಂಟರ್‌ವ್ಯೂನಲ್ಲಿ ಗುಂಪಿನಿಂದ ಬೇರೆಯಾಗಿ ಕಾಣ್ತೀರಿ.

ಅವಕಾಶ ನನ್ನ ಕಾಲಕ್ಕಿಂತ ಈಗ ಜಾಸ್ತಿ. ವಂಡರ್‌ಲಾ ಒಂದೇ 2016ರಲ್ಲಿ ಹೈದರಾಬಾದು, 2024ರಲ್ಲಿ ಭುವನೇಶ್ವರ, 2025ರಲ್ಲಿ ಚೆನ್ನೈಗೆ ಹೋಯ್ತು.

ಕೊನೆಗೆ ಇನ್ನೊಂದನ್ನೂ ಹೇಳಿದೆ. ಹೇಳದಿದ್ರೆ ಮೋಸ ಆಗ್ತಿತ್ತು. ಊರಿಗೆಲ್ಲ ರಜ ಇದ್ದಾಗ ನಮಗೆ ಕೆಲಸ. ಈ ಹತ್ತೊಂಬತ್ತು ವರ್ಷದಲ್ಲಿ ನಾನು ಮನೆಯಲ್ಲಿ ಮಾಡಿದ ದಸರಾ ಎರಡು. ಅಪ್ಪ ತೀರಿಕೊಂಡಿದ್ದು ಒಂದು ಏಪ್ರಿಲ್ ತಿಂಗಳಲ್ಲಿ, ರಜದ ಸೀಸನ್ನು. ನಾನು ಊರು ಮುಟ್ಟೋಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನ ಹೇಳುವಾಗ ಆ ಕಡೆಯಿಂದ ಸದ್ದೇ ಇಲ್ಲ.

"ಈಗ್ಲೂ ಬೇಕಾ?" ಅಂತ ಕೇಳಿದೆ.

"ಯೋಚ್ನೆ ಮಾಡ್ತೀನಿ ಮಾವ."

ಒಂದು ವಾರ ಯೋಚನೆ ಮಾಡಿದ್ಲು. ಈಗ ಒಂದು ಪಾರ್ಕಿನಲ್ಲಿ ಆಪರೇಟರ್ ಟ್ರೈನಿ! ಸಾಫ್ಟ್‌ವೇರ್ ಕಂಪನಿಯವರು ಸೇರೋಕೆ ಕೊಟ್ಟಿರೋ ತಾರೀಖಿಗೆ ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲಿ ನೋಡ್ತೀನಿ ಅಂತ ಅವರಮ್ಮನಿಗೆ ಮಾತು ಕೊಟ್ಟಿದಾಳೆ. ಅಕ್ಕ ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಹದಿನಾರು ದಿನ.

ನಿನ್ನೆ ರಾತ್ರಿ ಸೊಸೆ ಫೋನ್ ಮಾಡಿದ್ಲು. "ಮಾವ, ಕಾಲು ತುಂಬ ನೋಯ್ತದೆ. ಇವತ್ತು ಒಂದು ಮಗೂನ ಎತ್ತರ ಸಾಲದು ಅಂತ ವಾಪಸ್ ಕಳಿಸ್ದೆ, ಅವರಪ್ಪ ಬಾಯಿಗೆ ಬಂದಂಗೆ ಬೈದ್ರು."

"ನೀನೇನ್ ಮಾಡ್ದೆ?"

"ಮಗೂಗೆ ಟಾಟಾ ಮಾಡ್ದೆ."

ಪರವಾಗಿಲ್ಲ ಅನ್ನಿಸ್ತು :-)

ನೀವು ಮುಂದಿನ ಸಲ ಮಕ್ಕಳನ್ನ ಕರ್ಕೊಂಡು ಪಾರ್ಕಿಗೆ ಹೋದಾಗ, ಯಾವುದೋ ಹುಡುಗಿ ಬಂದು ನಿಮ್ಮ ಬಾರನ್ನ ಒತ್ತಿ, ಎಳೆದು ನೋಡಿದ್ರೆ ಬೇಜಾರು ಮಾಡ್ಕೋಬೇಡಿ. ರೈಡು ನಿಲ್ಲಿಸಿದ್ರೆ ಬೈಬೇಡಿ. ಅವಳು ನಮ್ಮ ಅಕ್ಕನ ಮಗಳೂ ಇರಬಹುದು.