ತೂಗುದೀಪ ಬಿದ್ದದ್ದು ಒಂದೇ ಸಲ

ಹಳೇ ಇಂಗ್ಲಿಷ್ ಸಿಟ್‌ಕಾಮ್‌ಗಳ ಹುಚ್ಚು ನನಗೆ. ರಾತ್ರಿ ಊಟದ ತಟ್ಟೆ ಹಿಡಿದು ಕೂತರೆ ಯಾವುದಾದರೂ ಒಂದು ಎಪಿಸೋಡು ಓಡಲೇಬೇಕು. ಆದರೆ ಕಥೆಗಿಂತ ಹೆಚ್ಚಾಗಿ ನನ್ನ ಕಣ್ಣು ಹೋಗೋದು ಅಲ್ಲಿರೋ ವಸ್ತುಗಳ ಮೇಲೆ. ತಾನಾಗೇ ಗಾಳಿಯಲ್ಲಿ ತೇಲೋ ಕಪ್ಪು, ಕೂತ ತಕ್ಷಣ ಮುರಿದು ಬೀಳೋ ಕುರ್ಚಿ, ತಲೆಗೆ ಬಡಿದರೆ ಚೂರುಚೂರಾಗೋ ಬಾಟಲಿ... "ಇದನ್ನ ಹೇಗೆ ಮಾಡಿದ್ರಪ್ಪಾ?" ಅಂತ ಹಿಂದಕ್ಕೆ ಓಡಿಸಿ ಓಡಿಸಿ ನೋಡ್ತೀನಿ. "ಎಲ್ಲಾ ಗ್ರಾಫಿಕ್ಸ್ ಕಣೋ, ಸುಮ್ನೆ ಊಟ ಮಾಡು" ಅಂತಾನೆ ರೂಮ್‌ಮೇಟ್. 1964ರಲ್ಲಿ ಎಲ್ಲಿಂದ ಬರಬೇಕು ಮಾರಾಯಾ ಗ್ರಾಫಿಕ್ಸು!

1964 ಅಂದದ್ದು ಯಾಕೆಂದರೆ, ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ "ಬಿವಿಚ್ಡ್" ಶುರುವಾದದ್ದು ಆ ವರ್ಷ. 1972ರವರೆಗೂ ನಡೆಯಿತು. ಸಮಂತಾ ಅನ್ನೋ ಮಾಟಗಾತಿ ಸಾಮಾನ್ಯ ಗೃಹಿಣಿ ಥರ ಬದುಕೋಕೆ ಒದ್ದಾಡೋ ಕಥೆ. ಎಲಿಜಬೆತ್ ಮಾಂಟ್ಗೊಮರಿ ಮೂಗು ಅಲ್ಲಾಡಿಸಿದಳು ಅಂದರೆ ಗಲೀಜಾಗಿದ್ದ ಅಡುಗೆಮನೆ ಕಣ್ಣೆವೆ ಇಕ್ಕೋದರಲ್ಲಿ ಥಳಥಳ. (ನಿಜವಾಗಿ ನೋಡಿದರೆ ಆಕೆ ಅಲ್ಲಾಡಿಸೋದು ಮೇಲ್ದುಟಿ. ಮೂಗು ಅದರ ಜೊತೆಗೆ ಹೋಗ್ತದೆ ಅಷ್ಟೆ. ಕನ್ನಡಿ ಮುಂದೆ ನಿಂತು ಪ್ರಯತ್ನಿಸಿ, ಗೊತ್ತಾಗ್ತದೆ :-))

ಅಡುಗೆಮನೆ ಕ್ಲೀನಾಗೋದು ಹೇಗೆ? ಕ್ಯಾಮೆರಾ ಒಂದಿಷ್ಟೂ ಅಲ್ಲಾಡದ ಹಾಗೆ ಬಿಗಿದಿರ್ತಾರೆ. ನಿರ್ದೇಶಕರು ನಿಲ್ಲಿಸಿ ಅಂದ ಕೂಡಲೇ ನಟರೆಲ್ಲ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಎತ್ತಿದ ಕೈ ಎತ್ತಿದ ಹಾಗೇ. ಆಗ ಸೆಟ್ಟಿನ ಹುಡುಗರು ಓಡಿ ಬಂದು ಪಾತ್ರೆ ಎತ್ತಿ, ನೆಲ ಒರೆಸಿ, ಓಡಿ ಹೋಗ್ತಾರೆ. ಮತ್ತೆ ಕ್ಯಾಮೆರಾ ಚಾಲೂ. ನಡುವಿನದನ್ನು ಕತ್ತರಿಸಿ ಎರಡು ತುದಿ ಅಂಟಿಸಿದರೆ ಆಯ್ತು, ಮಾಯ! ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಬದಲಾಗಬೇಕಾದ್ದು ಒಂದೇ ಸಾಲು, ಉಳಿದ ಕೋಡೆಲ್ಲ ಇದ್ದ ಹಾಗೇ ಇರಬೇಕು. ಕಷ್ಟ ಇರೋದು ಆ ಉಳಿದದ್ದರಲ್ಲೇ. ಒಬ್ಬರ ತಲೆ ಒಂದಿಂಚು ವಾಲಿದರೂ ತೆರೆ ಮೇಲೆ ಗಕ್ಕಂತ ಜಿಗಿದ ಹಾಗೆ ಕಾಣ್ತದೆ.

ಮರುವರ್ಷ, ಅಂದರೆ 1965ರಲ್ಲಿ, ಎನ್‌ಬಿಸಿಯಲ್ಲಿ ಬಂದದ್ದು "ಐ ಡ್ರೀಮ್ ಆಫ್ ಜೀನಿ". ಬರೆದವರು ಯಾರು ಗೊತ್ತಾ? ನಮ್ಮ ಫುಟ್‌ಪಾತ್ ಪುಸ್ತಕದಂಗಡಿಗಳ ಕಾಯಂ ಅತಿಥಿ, ಸಿಡ್ನಿ ಶೆಲ್ಡನ್! ಜೀನಿ ವಾಸ ಮಾಡೋ ಆ ಚೆಂದದ ಬಾಟಲಿ ಅರೇಬಿಯಾದ್ದೇನಲ್ಲ. ಜಿಮ್ ಬೀಮ್ ವಿಸ್ಕಿ ಕಂಪನಿ 1964ರ ಕ್ರಿಸ್‌ಮಸ್‌ಗೆ ಅಂತ ಮಾರಿದ ಬಾಟಲಿಗೆ ಬಣ್ಣ ಬಳಿದದ್ದು.

ಈ ಎರಡರಲ್ಲೂ ಒಂದು ಅನುಕೂಲ ಇತ್ತು. ಎದುರಿಗೆ ಪ್ರೇಕ್ಷಕರು ಇರಲಿಲ್ಲ, ನಗುವನ್ನು ಆಮೇಲೆ ಸೇರಿಸ್ತಿದ್ದರು. ಹಾಗಾಗಿ ಬೇಕಾದಷ್ಟು ಸಲ ನಿಲ್ಲಿಸಬಹುದಿತ್ತು. ಆದರೆ 1951ರಲ್ಲಿ ಶುರುವಾದ "ಐ ಲವ್ ಲೂಸಿ"ಯನ್ನು ಸುಮಾರು 300 ಜನರನ್ನು ಎದುರಿಗೆ ಕೂರಿಸಿಕೊಂಡು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸ್ತಿದ್ದರು. 1952ರ ಚಾಕೊಲೇಟ್ ಫ್ಯಾಕ್ಟರಿ ಎಪಿಸೋಡು ನೋಡಿ. ಬೆಲ್ಟಿನ ಮೇಲೆ ಚಾಕೊಲೇಟು ಬರ್ತಾ ಇರ್ತದೆ, ಬೆಲ್ಟು ಜೋರಾಗ್ತದೆ, ಲೂಸಿ ಮತ್ತು ಎಥೆಲ್ ಬಾಯಿಗೆ, ಟೋಪಿಗೆ, ಬಟ್ಟೆಯೊಳಕ್ಕೆ ತುರುಕಿಕೊಳ್ತಾರೆ. ಅದನ್ನು ನಿರ್ದೇಶಿಸಿದ ವಿಲಿಯಂ ಆಶರ್ ಅವರೇ ಮುಂದೆ "ಬಿವಿಚ್ಡ್" ಕೂಡ ಮಾಡಿದರು. ಒಂದರಲ್ಲಿ ಎಲ್ಲವನ್ನೂ ನಿಲ್ಲಿಸಿ ನಗಿಸಿದರು, ಇನ್ನೊಂದರಲ್ಲಿ ಏನನ್ನೂ ನಿಲ್ಲಿಸದೆ.

ಒಡೆಯೋ ವಸ್ತುಗಳದ್ದು ಇನ್ನೊಂದು ಲೋಕ. ಹಿಂದೆ ಬಾಟಲಿ, ಕಿಟಕಿ ಗಾಜುಗಳನ್ನು ಸಕ್ಕರೆ ಪಾಕದಿಂದ ಎರಕ ಹೊಯ್ತಿದ್ದರು. ನೋಡೋಕೆ ಥೇಟ್ ಗಾಜು, ಆದರೆ ಸೆಟ್ಟಿನ ದೀಪದ ಬಿಸಿಗೆ, ಗಾಳಿಯ ತೇವಕ್ಕೆ ಅಂಟಂಟು. ಆಮೇಲೆ ಅದರ ಜಾಗಕ್ಕೆ ರೆಸಿನ್ ಬಂತು. ಮುರಿಯೋ ಕುರ್ಚಿಗೆ ಬಾಲ್ಸಾ ಅನ್ನೋ ಹಗುರ ಮರ. ಗಮನಿಸಿ, ಇಲ್ಲಿ ತಲೆ ಓಡಿಸಿರೋದೆಲ್ಲ ಒಂದೇ ಕಡೆಗೆ. ನೋಡೋರಿಗೆ ಪೆಟ್ಟು ಕಾಣಬೇಕು, ನಟನಿಗೆ ಪೆಟ್ಟು ಆಗಬಾರದು.

ನನ್ನ ಪ್ರಕಾರ ಈ ವಿದ್ಯೆಯ ಶಿಖರ ಬಿಬಿಸಿಯ "ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್" ಧಾರಾವಾಹಿಯ 1982ರ ತೂಗುದೀಪದ ದೃಶ್ಯ. ಒಂದು ದೊಡ್ಡ ಬಂಗಲೆಯಲ್ಲಿ ಗಾಜಿನ ಶಾಂಡ್ಲಿಯರ್ ಬಿಚ್ಚೋ ಕೆಲಸ. ಡೆಲ್ ಮತ್ತು ರಾಡ್ನಿ ಏಣಿ ಹತ್ತಿ, ಅದರ ಕೆಳಗೆ ಬಟ್ಟೆ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಮಹಡಿ ಮೇಲೆ ಅಜ್ಜ ಬೋಲ್ಟು ಬಿಚ್ತಾ ಇದ್ದಾನೆ. ಬೀಳೋದು ಇದಲ್ಲ, ಅವರ ಬೆನ್ನ ಹಿಂದಿರೋ ಇನ್ನೊಂದು ದೀಪ! ದುಬಾರಿ ವಸ್ತು, ಇದ್ದದ್ದು ಒಂದೇ ಅವಕಾಶ. ನಕ್ಕುಬಿಟ್ಟರೆ ಕೆಲಸದಿಂದ ತೆಗೀತೀನಿ ಅಂತ ನಿರ್ದೇಶಕ ರೇ ಬಟ್ ಅವರು ರಾಡ್ನಿ ಪಾತ್ರದ ನಿಕೋಲಸ್ ಲಿಂಡ್‌ಹರ್ಸ್ಟ್‌ಗೆ ಹೆದರಿಸಿದ್ದರಂತೆ. ದೀಪ ಬಿತ್ತು, ಚೂರಾಯ್ತು, ಇಬ್ಬರ ಮುಖದ ಮೇಲೂ ನಗು ಬರಲಿಲ್ಲ. ನಲವತ್ತು ವರ್ಷ ದಾಟಿದರೂ ಜನ ನಗ್ತಾನೇ ಇದ್ದಾರೆ.

ಈಗ ಇನ್ನೊಂದು ದೃಶ್ಯ. ಬಿಬಿಸಿಯದ್ದೇ "ಫಾಲ್ಟಿ ಟವರ್ಸ್", 1975, "ದ ಜರ್ಮನ್ಸ್" ಎಪಿಸೋಡು. ವೇಟರ್ ಮ್ಯಾನ್ಯುಯೆಲ್ ಬೆಂಕಿ ಹತ್ತಿದ ಅಡುಗೆಮನೆಯಿಂದ ಹೊಗೆಯಾಡ್ತಾ ಹೊರಗೆ ಬರ್ತಾನೆ. ಬೆಂಕಿ ಇಲ್ಲದೆ ಬರೀ ಹೊಗೆ ಬರಲಿ ಅಂತ ಕೋಟಿಗೆ ರಾಸಾಯನಿಕ ಹಚ್ಚಿದ್ದರು. ಅದು ಬಟ್ಟೆ ದಾಟಿ ನಟ ಆಂಡ್ರ್ಯೂ ಸ್ಯಾಕ್ಸ್ ಅವರ ಚರ್ಮ ಸುಟ್ಟಿತು. ಬಿಬಿಸಿ ಕೊಟ್ಟ ಪರಿಹಾರ 700 ಪೌಂಡು. ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್‌ನಲ್ಲಿ. ತಂದೆ ಯಹೂದಿ, ನಾಜಿಗಳ ಕಾಟಕ್ಕೆ 1938ರಲ್ಲಿ ಕುಟುಂಬ ಇಂಗ್ಲೆಂಡಿಗೆ ಓಡಿ ಬಂದಿತ್ತು. ಅಂಥವರು ಜರ್ಮನ್ನರ ಹೆಸರಿನ ಹಾಸ್ಯದ ಕಂತಿನಲ್ಲೇ ಮೈ ಸುಟ್ಟುಕೊಂಡರು.

ಇದು ತಿಳಿದ ಮೇಲೆ ಆ ದೃಶ್ಯ ಬಂದಾಗ ನನ್ನ ನಗು ಅರ್ಧಕ್ಕೇ ನಿಲ್ಲುತ್ತೆ. ಎಷ್ಟು ಸಹಿಸಿಕೊಂಡು ನಟಿಸಿದರು, ಎಂಥಾ ಕಲಾವಿದ ಅಂತ ಹೊಗಳೋರಿದ್ದಾರೆ. ನನಗ್ಯಾಕೋ ಆ ಹೊಗಳಿಕೆ ಸೇರೋದಿಲ್ಲ. ಕೋಟು ಮಾಡಬೇಕಿದ್ದ ಕೆಲಸವನ್ನು ಚರ್ಮ ಮಾಡಿದರೆ ಅದು ಟ್ರಿಕ್ಕು ಹೇಗಾದೀತು? ತೂಗುದೀಪ ಬಿದ್ದಾಗ ಅದರ ಕೆಳಗೆ ಯಾರೂ ಇರಲಿಲ್ಲ. ಅಲ್ಲಿ ನಟರಿಗೆ ಬೇಕಿದ್ದದ್ದು ಧೈರ್ಯ ಅಲ್ಲ, ನಗದೆ ನಿಲ್ಲೋ ತಾಳ್ಮೆ ಅಷ್ಟೆ.

ಬಣ್ಣ ಬಳಿದವರು, ಪಾಕ ಕಾಯಿಸಿದವರು, ಬೋಲ್ಟು ಬಿಗಿದವರು ಇವರ ಹೆಸರೆಲ್ಲ ಕೊನೆಯಲ್ಲಿ ಸರ್ರಂತ ಓಡಿ ಹೋಗ್ತದೆ, ಕೆಲವರದ್ದು ಅದೂ ಇಲ್ಲ. ನಾವು ಹೊಟ್ಟೆ ತುಂಬ ನಕ್ಕು, ನಟ ಎದ್ದು ಮೈ ಕೊಡವಿಕೊಂಡು ಮನೆಗೆ ಹೋದ ಅಂದರೆ, ಇವರ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಅರ್ಥ. ಏನಂತೀರಿ?