ಹುಣಸೆ ಬೀಜದ ಲೆಕ್ಕ

ಆ ವರ್ಷ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆ ಹನ್ನೊಂದೇ ಇದ್ದವು. ಒಂದು ಗೆರೆ ಅಂದರೆ ಒಂದು ಸೇರು. ಉದ್ದ ಗೆರೆ ಜೋಳ, ಗಿಡ್ಡ ಗೆರೆ ಕಡಲೆ, ಅಡ್ಡ ಗೆರೆ ಗೋಧಿ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಲೆಯ ಬದಿಯ ಆ ಒಂದು ಮೊಳ ಗೋಡೆಯಲ್ಲಿ ತಪ್ಪು ಹುಡುಕುವುದು ಲೆಕ್ಕ ಕಲಿತ ಅಪ್ಪನಿಂದಲೂ ಆಗುತ್ತಿರಲಿಲ್ಲ. ಹಿಂದಿನ ವರ್ಷ ಅದೇ ಗೋಡೆಯ ಮೇಲೆ ಹತ್ತೊಂಬತ್ತು ಗೆರೆ ಇದ್ದವು. ಅದು ನಮ್ಮ ಓಣಿಯ ಹುಡುಗಿಯರ ಗುಳ್ಳವ್ವನ ಹಬ್ಬದ ಜಮಾ ಖರ್ಚು.

ನವಲಗುಂದ ತಾಲೂಕಿನ ಬೆಣ್ಣಿಹಳ್ಳದ ಬದಿಯ ಊರು ನಮ್ಮದು. ಮಣ್ಣೆತ್ತಿನ ಅಮಾವಾಸ್ಯೆ ದಾಟಿ ಆಷಾಢ ಹಿಡಿಯಿತೆಂದರೆ ಮಂಗಳವಾರಕ್ಕೊಂದು ಗುಳ್ಳವ್ವ. ಕೆರೆಯಂಗಳದ ಜಿಗಟು ಮಣ್ಣು ತಂದು, ಒಣಗಿದರೆ ಬಿರಿಯಬಾರದೆಂದು ಅದರಲ್ಲಿ ಎಳೆ ಎಳೆಯಾಗಿ ಹತ್ತಿ ಹಿಂಜಿ ಕಲಸುತ್ತಿದ್ದಳು ಆಯಿ. ಗುಳ್ಳವ್ವನ ಮೈತುಂಬ ಕುಸುಬಿ ಕಾಳು, ಜೋಳದ ಕಾಳು, ಗುಲಗಂಜಿ ಒತ್ತುವುದು ನಮ್ಮ ಕೆಲಸ. ಮಣೆಯ ಮೇಲೆ ಅವಳನ್ನು ಕೂಡಿಸಿಕೊಂಡು ಹಾಡುತ್ತ ಮನೆಮನೆಗೆ ಹೋದರೆ ಒಬ್ಬರು ಬೊಗಸೆ ಜೋಳ, ಒಬ್ಬರು ಹಿಡಿ ಕಡಲೆ, ಮನಸ್ಸಾದವರು ಐದು ಪೈಸೆ, ಹತ್ತು ಪೈಸೆ ಹಾಕುತ್ತಿದ್ದರು. ಕಡೆಯ ಮಂಗಳವಾರ ಗುಳ್ಳವ್ವನನ್ನು ಕೆರೆಗೆ ಬಿಡುವ ಮೊದಲು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿ ದಂಡೆಯ ಮೇಲೆ ಕೂತು ಉಣ್ಣುವುದು. ಹುಡುಗಿಯರ ಹಬ್ಬ ಅಂತ ಹೆಸರು. ಉಣ್ಣುವ ಹೊತ್ತಿಗೆ ಓಣಿಯ ಗಂಡುಹುಡುಗರೂ ಗುಡಿಯ ಹಿಂದಿನಿಂದ ಒಬ್ಬೊಬ್ಬರಾಗಿ ಹೊರಗೆ ಬೀಳುತ್ತಿದ್ದರು.

ಖರ್ಚಿನ ಮಾತಿಗೆ ಬಂದರೆ ಈ ಬುತ್ತಿಯ ಪದ್ಧತಿಗಿಂತ ಅಗ್ಗದ್ದು ಇನ್ನೊಂದಿಲ್ಲ. ಯಾರ ಮನೆಯ ಊಟ ಅವರೇ ತರುತ್ತಾರೆ, ಯಾರ ಕೈಯಿಂದಲೂ ಒಂದು ಪೈಸೆ ಬಿಚ್ಚುವುದಿಲ್ಲ. ಆದರೆ ಬುತ್ತಿಯ ಗಂಟು ಬಿಚ್ಚಿದಾಗ? ಒಬ್ಬಳ ಗಂಟಿನಲ್ಲಿ ಶೇಂಗಾ ಹೋಳಿಗೆ, ತುಪ್ಪದ ಗಿಂಡಿ. ಇನ್ನೊಬ್ಬಳದರಲ್ಲಿ ಎರಡು ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಹಿಂದಿನ ವರ್ಷ ನನ್ನ ಜೊತೆಗಾತಿಯೊಬ್ಬಳು ಕೆರೆಯ ಕಡೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ರೊಟ್ಟಿ ಮುರಿದು ತಿಂದದ್ದನ್ನು ಅವ್ವ ನೋಡಿದ್ದಳು. ಮನೆಗೆ ಬಂದು ಅದರ ಬಗ್ಗೆ ಏನೂ ಆಡಲಿಲ್ಲ. ವರ್ಷ ತುಂಬಿದ ಮೇಲೆ ಒಂದು ದಿನ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಾಗ ಅಂದಳು:

“ಈ ಸಲ ಬುತ್ತಿ ಬ್ಯಾಡ. ಎಲ್ಲಾರೂ ಕಾಳ ಕೊಡ್ರಿ, ಒಂದ ಒಲಿ ಮ್ಯಾಲ ಬೇಯಸ್ತೀನಿ. ಕಾಳ ಕೂಡಿದ ಮ್ಯಾಲ ಯಾರ ಮನೀದು ಯಾವುದು, ಹುಡಿಕಿ ತಗೀರಿ ನೋಡೋಣು.”

ದೊಡ್ಡವ್ವ ಹೌಹಾರಿದಳು. “ಅಲ್ಲವಾ, ಅವರವರ ಬುತ್ತಿ ಅವರವರು ಒಯ್ದ್ರ ನಿನಗೇನ ತ್ರಾಸ? ಐವತ್ತ ಹುಡುಗೂರ ಹೊಟ್ಟಿ ತಲಿ ಮ್ಯಾಲ ಹೊತಗೊಂತೀಯಲ್ಲ!”

“ಹುಡುಗೂರ ಹೊಟ್ಟಿ ನಮ್ಮ ಬೆಣ್ಣಿಹಳ್ಳ ಇದ್ದಂಗ ಅಕ್ಕಾ. ಬಂದ್ರ ಒಮ್ಮೆಲೆ ಬರತೈತಿ, ಇಳದ್ರ ಒಮ್ಮೆಲೆ ಇಳೀತೈತಿ. ಬಂದಾಗ ಒಂದ ಒಡ್ಡ ಹಾಕಿದ್ರ ಮುಗೀತು.”

ಅವ್ವ ಹೀಗೆ ಅಂದದ್ದು ಆಷಾಢದ ಮೊದಲಿಗೆ. ಮೊದಲ ಮಂಗಳವಾರ ಜೋರಾಗಿಯೇ ಆಯಿತು. ಎರಡನೆಯದು ಬರುವ ಹಿಂದಿನ ದಿನ, ಸೋಮವಾರ, 1980ರ ಜುಲೈ 21. ಮಲಪ್ರಭೆಯ ಕಾಲುವೆ ನೀರಿನ ಸಲುವಾಗಿ ಹಾಕಿದ ಬೆಟರ್‌ಮೆಂಟ್ ಲೆವಿ ಕೊಡುವುದಿಲ್ಲವೆಂದು ರೈತರು ಎದ್ದಿದ್ದ ಕಾಲ. ಅಪ್ಪ ಬೆಳಿಗ್ಗೆ ಎಲೆ ಅಡಿಕೆ ಹಾಕಿಕೊಂಡು ನವಲಗುಂದಕ್ಕೆ ಹೋದ. ಸಂಜೆಗೆ ಗೋಲಿಬಾರ್ ಆದ ಸುದ್ದಿ ಬಂತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಎಂಬ ರೈತ ಸತ್ತ, ನರಗುಂದದಲ್ಲೂ ಜೀವ ಹೋದವು. ಅಪ್ಪ ಕತ್ತಲಾದ ಮೇಲೆ ಹೊಲದ ದಾರಿಯಿಂದ ಬಂದು, ಒಂದು ಚರಿಗೆ ನೀರು ಕುಡಿದು, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಮತ್ತೆ ಹೊಲಕ್ಕೇ ಹೋದ. ನಾಲ್ಕು ರಾತ್ರಿ ಅಲ್ಲೇ ಮಲಗಿದ. ಮರುದಿನ ಮಂಗಳವಾರ ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಗುಳ್ಳವ್ವ ನಮ್ಮ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತೇ ಇದ್ದಳು. ನಾವು ಬಾಯಿ ಬಿಟ್ಟು ಹಾಡಲಿಲ್ಲ. ಆಯಿ ಅವಳ ಮುಂದೆ ದೀಪ ಹಚ್ಚಿ, “ಈ ವಾರ ಉಪಾಸ ಇರವಾ” ಅಂದಳು. ಇದ್ದಿಲಿನ ಗೆರೆ ಹತ್ತೊಂಬತ್ತರಿಂದ ಹನ್ನೊಂದಕ್ಕೆ ಇಳಿದದ್ದು ಹೀಗೆ.

ಮೂರನೆಯ ಮಂಗಳವಾರ ಹೊರಬಿದ್ದೆವು. ಆದರೆ ಬೊಗಸೆ ಕೊಡುವವರು ಹಿಡಿ ಕೊಟ್ಟರು. ಯಾರನ್ನು ಅನ್ನುವುದು? ಎಲ್ಲರ ಮನೆಯ ಗಂಡಸರೂ ಅಪ್ಪನ ಹಾಗೆ ಹೊಲ ಕಾದು ಬಂದವರೇ.

ಹನ್ನೊಂದರಲ್ಲಿ ಏಳು ಸೇರು ಜೋಳ, ಮೂರು ಸೇರು ಕಡಲೆ, ಒಂದು ಸೇರು ಗೋಧಿ. ರೊಕ್ಕ ಒಟ್ಟು ನಾಲ್ಕು ರೂಪಾಯಿಯ ಒಳಗೆ. ಇಷ್ಟರಲ್ಲಿ ಐವತ್ತು ಹುಡುಗರಿಗೆ ಸಿಹಿ, ಖಾರ ಎರಡೂ ಆಗಬೇಕು. ಅವ್ವ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಗೋಡೆಯ ಮುಂದೆ ಕೂತು ಮೂರು ಉದ್ದ ಗೆರೆಗಳನ್ನು ಹೆಬ್ಬೆರಳಿನಿಂದ ಒರೆಸಿದಳು. ಆ ಮೂರು ಸೇರು ಜೋಳ ಅಂಗಡಿಗೆ ಹೋಗಿ ಒಂದು ದೊಡ್ಡ ಗಂಟು ಚುರುಮುರಿ ಆಗಿ ಬಂತು. ರೊಕ್ಕ ಒಂದಿಷ್ಟು ಬೆಲ್ಲವಾಯಿತು.

ಚುರುಮುರಿಯಂಥ ಧರ್ಮಾತ್ಮ ಇನ್ನೊಬ್ಬನಿಲ್ಲ. ಹಿಡಿ ಹಾಕಿದರೆ ಗುಡ್ಡೆ ಕಾಣುತ್ತದೆ. ಅವ್ವ ಅದಕ್ಕೆ ಒಗ್ಗರಣೆ ಕೊಡಲು ಹೋಗಲಿಲ್ಲ. ಹಸಿ ಎಣ್ಣೆ, ಕೆಂಪು ಖಾರ, ಉಪ್ಪು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಮೇಲೆ ಪುಟಾಣಿ ಹಿಟ್ಟು. ಎಣ್ಣೆಯನ್ನು ಚುರುಮುರಿಗೆ ಸುರಿಯದೆ ಅಂಗೈಗೆ ಹಚ್ಚಿಕೊಂಡು ತಿಕ್ಕಿದಳು. ಪಾವಶೇರು ಎಣ್ಣೆ ಇಡೀ ಗಂಟಿಗೆ ಹತ್ತಿತು.

ಬೆಲ್ಲದ್ದು ದೊಡ್ಡ ಪ್ರಶ್ನೆ. ನಾಲ್ಕು ಸೇರು ಜೋಳದ ನುಚ್ಚಿಗೆ ಅಷ್ಟು ಬೆಲ್ಲ ಎಲ್ಲಿಗೆ ಸಾಲಬೇಕು! ನುಚ್ಚಿನೊಳಗೆ ಹಾಕಿ ಕುದಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವ್ವ ನುಚ್ಚನ್ನು ಬರೀ ಉಪ್ಪಿನ ಹರಳು ಹಾಕಿ ಬೇಯಿಸಿದಳು. ಬೆಲ್ಲವನ್ನು ಬೇರೆ ಬೋಗಾಣಿಯಲ್ಲಿ ಪಾಕ ಮಾಡಿ, ಸುಂಠಿ ತೇಯ್ದು, ಇಳಿಸುವ ಹೊತ್ತಿಗೆ ನಾಲ್ಕೇ ನಾಲ್ಕು ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟಿ ಒಗೆದಳು. ವಾಸನೆ ಓಣಿಯ ತುದಿಗೆ ಹೋಯಿತು. “ಬೆಲ್ಲ ಒಳಗ ಹಾಕಿದ್ರ ಹೊಟ್ಟಿಗೆ ಹೋಗತೈತಿ. ಮ್ಯಾಲ ಹಾಕಿದ್ರ ನಾಲಿಗಿಗೆ ಹತ್ತತೈತಿ” ಅನ್ನುವುದು ಅವಳ ಲೆಕ್ಕ. ಈಗಲೂ ನಾನು ಯಾವ ಅಡುಗೆ ಪುಸ್ತಕದಲ್ಲೂ ಇದಕ್ಕಿಂತ ಉಪಯೋಗದ ಮಾತು ಓದಿಲ್ಲ. ಆ ಒಂದು ಸೇರು ಗೋಧಿಯನ್ನು ಮಾತ್ರ ಕುಟ್ಟಿ, ಗುಳ್ಳವ್ವನ ನೈವೇದ್ಯಕ್ಕೆ ನೆಟ್ಟಗೆ ಹುಗ್ಗಿ ಮಾಡಿದಳು. ದೇವರ ಪಾಲಿನಲ್ಲಿ ಕಾಟಕಸರು ನಡೆಯುವುದಿಲ್ಲವಲ್ಲ.

ಇನ್ನು ತಾಟು. ಮನೆಯಿಂದ ತಾಟು ತರಿಸಿದರೆ ಮತ್ತೆ ಬುತ್ತಿಯ ಕಥೆಯೇ. ಒಬ್ಬಳದು ಹಿತ್ತಾಳೆ, ಒಬ್ಬಳದು ಹೊಸ ಸ್ಟೀಲು, ಒಬ್ಬಳದು ನಗ್ಗಿದ ಜರ್ಮನ್. ಅದಕ್ಕೆ ಕಲಘಟಗಿ ಕಡೆಯ ಸೋದರಮಾವನಿಗೆ ಹೇಳಿ ಕಳಿಸಿದಳು. ನಮ್ಮದು ಬಟಾಬಯಲು ಎರೆಭೂಮಿ. ಮಾವನ ಊರಿಗೆ ಹೋದರೆ ಅಡವಿ ಶುರು. ಮಾವ ಒಂದು ಹೊರೆ ಮುತ್ತಲ ಎಲೆ ತಂದು ಹಾಕಿದ. ಈ ಮಾವನ ಮನೆಯಿಂದ ನಮಗೆ ಬಂದದ್ದು ಎಲೆಯೊಂದೇ ಅಲ್ಲ. ತಮ್ಮ ಹುಟ್ಟಿದಾಗ ತೊಟ್ಟಿಲ ಕಾರ್ಯಕ್ಕೆ ಕಲಘಟಗಿಯ ಬಣ್ಣದ ತೊಟ್ಟಿಲು ಅಲ್ಲಿಂದಲೇ ಚಕ್ಕಡಿಯಲ್ಲಿ ಬಂದಿತ್ತು. ಅರಗಿನ ಬಣ್ಣದಲ್ಲಿ ಕೃಷ್ಣನ ಚಿತ್ರ ಬರೆದ ಅಂಥ ತೊಟ್ಟಿಲನ್ನು ಕೊಳ್ಳುವ ತಾಕತ್ತು ಎಷ್ಟು ಮನೆಗಿತ್ತು? ಒಂದು ಮನೆಯವರು ಕೊಂಡರೆ ಬಳಗದ ಹತ್ತು ಕೂಸು ಅದರಲ್ಲಿ ಮಲಗೇಳುತ್ತಿದ್ದವು. ಇಸಿದುಕೊಂಡು ಬಂದದ್ದು ಅಂತ ಯಾರೂ ನಾಚುತ್ತಿರಲಿಲ್ಲ. ತಮ್ಮನ ತೊಟ್ಟಿಲ ಕಾರ್ಯದ ದಿನ ಓಣಿಯ ಹುಡುಗರಿಗೆ ಹಂಚಿದ್ದೂ ಬರೀ ಗುಗ್ಗರಿ.

ಕಡೆಯ ಮಂಗಳವಾರ, ಆಗಸ್ಟ್ 5. ಜಿಟಿಜಿಟಿ ಮಳೆ. ಎರೆಮಣ್ಣಿನ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಕಾಲಿಗೆ ಸೇರು ಸೇರು ಮಣ್ಣು ಮೆತ್ತಿ ಎಲ್ಲರೂ ಒಂದು ಗೇಣು ಎತ್ತರವಾಗುತ್ತಿದ್ದೆವು. ಕೆರೆಯ ದಂಡೆ ಕೈಬಿಟ್ಟು ಹನುಮಪ್ಪನ ಗುಡಿಯ ಪೌಳಿಯಲ್ಲಿ ಕೂತೆವು. ಮನೆಯಲ್ಲಿದ್ದ ಒಂದೇ ಒಂದು ಜಮಖಾನ, ನವಲಗುಂದದ ಹೆಣ್ಣುಮಕ್ಕಳು ನೇಯ್ದದ್ದು, ಬೀಗರು ಬಂದಾಗಷ್ಟೇ ಗಳುವಿನಿಂದ ಇಳಿಯುತ್ತಿದ್ದದ್ದು. ಅದನ್ನು ಅವ್ವ ಗುಳ್ಳವ್ವನಿಗೆ ಹಾಸಿದಳು. ನಮಗೆ ಗೋಣಿತಟ್ಟು.

ಎಲೆ ಎಷ್ಟು ಹಾಕಬೇಕು ಅನ್ನುವುದಕ್ಕೆ ಅವಳದೊಂದು ಉಪಾಯ. ಗುಡಿಯ ಹೊಸ್ತಿಲಲ್ಲಿ ಒಂದು ಬಟ್ಟಲು ಇಟ್ಟು, ಒಳಗೆ ಬರುವ ಪ್ರತಿ ಹುಡುಗನ ಕೈಗೂ ಒಂದೊಂದು ಹುಣಸೆ ಬೀಜ ಕೊಟ್ಟು ಅದರಲ್ಲಿ ಹಾಕಿಸಿದಳು. ತಲೆ ಎಣಿಸಿದರೆ ದೃಷ್ಟಿ ತಾಗುತ್ತದೆ ಅನ್ನುವುದು ಹೇಳುವ ಕಾರಣ. ಓಡಾಡುವ ತಲೆಗಿಂತ ಕೂತ ಬೀಜ ಎಣಿಸುವುದು ಸುಲಭ ಅನ್ನುವುದು ನಿಜದ ಕಾರಣ. ಬೀಜ ಐವತ್ನಾಲ್ಕಾದವು. ಐವತ್ನಾಲ್ಕು ಎಲೆ ಬಿದ್ದವು.

ಮೊದಲು ಬಂದದ್ದು ಒಡ್ಡು: ಬಿಸಿ ಕಡಲೆ ಗುಗ್ಗರಿ, ಕೈತುಂಬ. ಅದು ಮುಗಿಯುವಷ್ಟರಲ್ಲಿ ಅರ್ಧ ಹಸಿವು ಕೂತಿತು. ಆಮೇಲೆ ನುಚ್ಚು, ಅದರ ಮೇಲೆ ಸವಟಿನ ತುದಿಯಿಂದ ಸುತ್ತಿಸಿ ಬಿಟ್ಟ ಬೆಲ್ಲದ ಪಾಕ. ಕಡೆಗೆ ಚುರುಮುರಿಯ ಗುಡ್ಡೆ. ಹೋಳಿಗೆ ತರುತ್ತಿದ್ದವಳೂ ಗುರೆಳ್ಳು ಚಟ್ನಿ ತರುತ್ತಿದ್ದವಳೂ ಒಂದೇ ತಟ್ಟಿನ ಮೇಲೆ ಬೆರಳು ನೆಕ್ಕುತ್ತ ಕೂತಿದ್ದರು. ಹೋದ ವರ್ಷ ಕೆರೆಯ ಕಡೆ ಮುಖ ಮಾಡಿದ್ದ ನನ್ನ ಗೆಳತಿ ಎರಡು ಸಲ ಪಾಕ ಕೇಳಿದಳು. ಎರಡನೆಯ ಸಲ ಅವ್ವ ಸವಟಿನ ತುದಿಯಲ್ಲ, ಸವಟನ್ನೇ ಬಗ್ಗಿಸಿದಳು.

ಆದರೆ ಎಲೆಗಳ ಸಾಲಿನ ಕೊನೆಗೆ ಒಂದು ಎಲೆಯ ಮುಂದೆ ಯಾರೂ ಇರಲಿಲ್ಲ. ಅದರ ಬದಿಗೆ ನನ್ನ ತಮ್ಮ, ಏಳು ವರ್ಷದವನು, ಗುಡಿಯ ಗಂಟೆ ನೋಡುತ್ತ ಕೂತಿದ್ದ. ಒಮ್ಮೆ ಒಳಗೆ ಬಂದು, ಹಿಂದಿನ ಕಿಂಡಿಯಿಂದ ಹೊರಬಿದ್ದು, ಇನ್ನೊಮ್ಮೆ ಒಳಗೆ ಬಂದಿದ್ದಾನೆ. ಎರಡು ಬೀಜ, ಎರಡು ಎಲೆ. ಅವ್ವ ಬೈಯಲಿಲ್ಲ. ಮೊದಲ ಎಲೆಗೆ ಎಲ್ಲರಂತೆ ಬಡಿಸಿದಳು. ಎರಡನೆಯ ಎಲೆಯನ್ನು ನೀರು ಚಿಮುಕಿಸಿ ಒರೆಸಿ, ಸರಿಮಾಡಿ ಅವನ ಮುಂದೆ ಇಟ್ಟು, “ಇದರಾಗ ಎಲಿ ಬಡಿಸೇನಿ, ಉಣ್ಣಪಾ” ಅಂದು ಮುಂದೆ ಹೋದಳು. ಐವತ್ತೆರಡು ಹುಡುಗರು ನಕ್ಕ ಸದ್ದಿಗೆ ಪೌಳಿಯ ಪಾರಿವಾಳ ಎದ್ದವು. ಎರಡನೆಯ ಎಲೆ ಅಂದರೆ ಇವತ್ತಿಗೂ ನಮ್ಮ ಮನೆಯಲ್ಲಿ ಆಸೆಬುರುಕತನಕ್ಕೆ ಇನ್ನೊಂದು ಹೆಸರು.

ಮೊನ್ನೆ ಅದೇ ತಮ್ಮ ಹುಬ್ಬಳ್ಳಿಯಿಂದ ಫೋನು ಮಾಡಿದ. ಮೊಮ್ಮಗಳ ಹುಟ್ಟುಹಬ್ಬ, ಅರವತ್ತು ಹುಡುಗರು. ಫಂಕ್ಷನ್ ಹಾಲ್‌ನವರು ನೂರು ಪ್ಲೇಟಿಗೆ ಕಡಿಮೆ ಒಪ್ಪುತ್ತಿಲ್ಲ, ಮೂರು ವರ್ಷದ ಕೂಸಿಗೂ ದೊಡ್ಡವರ ದರವೇ. “ಅಕ್ಕಾ, ನಲವತ್ತ ಎಲಿ ಖಾಲಿ ಹೊಕ್ಕಾವ” ಅಂದ. ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ನಾನು ನಗು ತಡೆಯಲಾಗದೆ ಫೋನು ಬದಿಗಿಟ್ಟೆ. ಕಡೆಗೆ ಆ ಹಾಲ್ ಬಿಟ್ಟು ಊರ ಮನೆಯ ಅಂಗಳದಲ್ಲೇ ಮಾಡಿದೆವು. ಗಿರ್ಮಿಟ್, ಗುಗ್ಗರಿ, ಬೆಲ್ಲದ ಪಾನಕ, ಹುಬ್ಬಳ್ಳಿಯಿಂದ ಒಂದು ಕೇಕು. ಕೇಕಿನ ಮೇಲೆ ಹುಡುಗರ ಕಣ್ಣು ಇತ್ತು, ಸುಳ್ಳು ಯಾಕೆ ಹೇಳಲಿ; ಗುಗ್ಗರಿ ಅರ್ಧ ಬೋಗಾಣಿ ಉಳಿಯಿತು. ಒಂದು ಮಾತು ಮಾತ್ರ ನನ್ನ ಸೊಸೆಗೆ ಮೊದಲೇ ಹೇಳಿದ್ದೆ: ಬಂದ ಉಡುಗೊರೆಗಳನ್ನು ಎಲ್ಲರೂ ಕಾಣುವ ಹಾಗೆ ಮೇಜಿನ ಮೇಲೆ ಜೋಡಿಸಬೇಡ, ಹೆಸರು ಕೂಗಿ ಬಿಚ್ಚಬೇಡ, ಒಂದು ಬುಟ್ಟಿಯಲ್ಲಿ ಹಾಕಿ ಬಟ್ಟೆ ಮುಚ್ಚು. ಅವಳು ಯಾಕೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ 1980ರ ಬೀಜಗಳನ್ನು ಅವ್ವ ಚೆಲ್ಲಿರಲಿಲ್ಲ. ಪಂಚಮಿಯ ರಜೆಯಲ್ಲಿ ಚೌಕಾಬಾರ ಆಡಲು ಒಂದಷ್ಟನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಟ್ಟಳು. ಉಳಿದವು ಬಹಳ ವರ್ಷ ಉಪ್ಪಿನ ಗಡಿಗೆಯ ಪಕ್ಕದ ಗೂಡಿನಲ್ಲಿದ್ದವು. ತಮ್ಮ ಸೋತಾಗಲೆಲ್ಲ ತನ್ನ ಎರಡನೆಯ ಬೀಜ ತನಗೆ ಬೇಕೆಂದು ಜಗಳ ತೆಗೆಯುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ ಬಟ್ಟಲನ್ನು ಅವನ ಕಡೆ ದೂಡುತ್ತಿದ್ದಳು:

“ನಿಂದ ಯಾವುದು, ನೀನ ಹುಡಿಕಿ ತಗೊ.”